ಓದುಗರ ಪ್ರಶ್ನೆ: ಮಲೆನಾಡ ಮೂಲೆಯ ರೈಲಂಗಡಿಯಲ್ಲಿ ಮೊದಲು ಏನು ಕೊಳ್ಳಲಿ?

ಪ್ರಶ್ನೆ: ನೆಂಟರ ಮನೆ ಗೃಹಪ್ರವೇಶಕ್ಕೆ ಹೊಸನಗರದ ಕಡೆ ಹೋಗಿದ್ದೆ. ನಾಲ್ಕಾರು ಅಂಗಡಿ ಇರುವ ಸಣ್ಣ ಊರು. ಗೊಬ್ಬರದಂಗಡಿ ಪಕ್ಕದ ಮಳಿಗೆಯೊಳಗೆ ನೋಡಿದರೆ ಗೋಡೆ ತುಂಬ ಪುಟ್ಟ ರೈಲು! ಹಾರ್ನ್‌ಬಿ, ಬ್ಯಾಕ್‌ಮನ್, ಮಾರ್ಕ್ಲಿನ್, ಕಾಟೊ ಎಲ್ಲ ಕಂಪನಿಯವೂ, ಜೊತೆಗೆ ಹಳಿ, ಪಾಯಿಂಟು, ಸಿಗ್ನಲ್ಲು, ಬೆರಳುದ್ದದ ಮರಗಳು. ಬೆಂಗಳೂರಲ್ಲೂ ಇಷ್ಟನ್ನು ಒಂದೇ ಕಡೆ ನೋಡಿರಲಿಲ್ಲ. ಏನು ತಗೊಳ್ಳೋದು ಅಂತ ತೋಚದೆ ಬರಿಗೈಲಿ ಬಂದೆ. ಮತ್ತೆ ಹೋಗಬೇಕು. ಆರನೇ ಕ್ಲಾಸಿನ ಮಗಳೂ ಕೈಜೋಡಿಸ್ತಾಳೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಸಾಗರ

ಉತ್ತರ: ಅಂಥ ಅಂಗಡಿ ನಮ್ಮ ಕಡೆ ಇದೆ ಅನ್ನೋದೇ ದೊಡ್ಡ ಸಂತೋಷ. ಅಗತ್ಯ ಹೋಗಿ, ಮಗಳನ್ನೂ ಕರ್ಕೊಂಡು ಹೋಗಿ. ಆದರೆ ಚೆಂದ ಕಂಡ ಎಂಜಿನ್ನನ್ನು ಮೊದಲೇ ಎತ್ತಿಕೊಳ್ಳಬೇಡಿ. ಮೊದಲು ಅಳತೆ ತೀರ್ಮಾನ ಮಾಡಿ, ಯಾಕಂದ್ರೆ ಮುಂದೆ ಕೊಳ್ಳುವುದೆಲ್ಲ ಅದರ ಮೇಲೇ ನಿಲ್ಲುತ್ತದೆ.

ಎಚ್‌ಒ ಅಳತೆ ಅಂದರೆ ಅಸಲಿ ರೈಲಿನ 87ರಲ್ಲಿ ಒಂದು ಪಾಲು, ಎರಡು ಹಳಿ ನಡುವೆ 16.5 ಮಿಲಿಮೀಟರ್. ಹಾರ್ನ್‌ಬಿಯವರದು ಹೆಚ್ಚಾಗಿ ಒಒ ಅಳತೆ, 76ರಲ್ಲಿ ಒಂದು ಪಾಲು. ಗಾಡಿ ಸ್ವಲ್ಪ ದೊಡ್ಡದು, ಹಳಿ ಮಾತ್ರ ಅದೇ. ಎನ್ ಅಳತೆ 160ರಲ್ಲಿ ಒಂದು, ಹಳಿ 9 ಮಿಲಿಮೀಟರ್. ಚೆನ್ನೈ ಕಾರ್ಖಾನೆಯ ನಮ್ಮ ನೀಲಿ ಐಸಿಎಫ್ ಬೋಗಿ 21 ಮೀಟರಿಗೆ ಸ್ವಲ್ಪ ಜಾಸ್ತಿ ಅಲ್ವಾ, ಅದು ಎಚ್‌ಒದಲ್ಲಿ ಸುಮಾರು 24.5 ಸೆಂಟಿಮೀಟರ್, ಎನ್‌ನಲ್ಲಿ 13 ಚಿಲ್ಲರೆ ಆಗುತ್ತದೆ. ಜಾಗ ಕಮ್ಮಿ ಇದ್ದರೆ ಎನ್ ಒಳ್ಳೆಯದು. ಆದರೆ ಆ ಚಿಕ್ಕ ಚಕ್ರಗಳನ್ನು ಹಳಿ ಮೇಲೆ ಕೂರಿಸೋದು ಮಕ್ಕಳ ಕೈಗೆ ಕಷ್ಟ. ನಿಮಗೆ ಎಚ್‌ಒನೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಎಂಟಕ್ಕೆ ನಾಲ್ಕಡಿಯ ಪ್ಲೈವುಡ್ ಹಲಗೆ ಸಾಕು. ಅದನ್ನು ಗೋಡೆಗೆ ಒತ್ತಿ ಇಡಬೇಡಿ, ಎರಡೂ ಕಡೆಯಿಂದ ಕೈ ಎಟುಕಬೇಕು. ತಿರುವು ಆದಷ್ಟು ಅಗಲ ಇರಲಿ. ಸೆಟ್ಟುಗಳ ಜೊತೆ ಬರುವ 36 ಸೆಂಟಿಮೀಟರ್ ರೇಡಿಯಸ್ಸಿನ ತಿರುವಿನಲ್ಲಿ ಉದ್ದ ಬೋಗಿಗಳು ಹಳಿಯಿಂದ ಹೊರಗೆ ಚಾಚಿಕೊಂಡು ಕೆಟ್ಟದಾಗಿ ಕಾಣುತ್ತವೆ, ಎಷ್ಟೋ ಸಲ ಹಳಿ ತಪ್ಪುತ್ತವೆ. ನಾಲ್ಕಡಿ ಅಗಲದಲ್ಲಿ 50 ಸೆಂಟಿಮೀಟರಿನ ತಿರುವು ಆರಾಮಾಗಿ ಕೂರುತ್ತದೆ.

ಇನ್ನು ಮಾರ್ಕ್ಲಿನ್. ತಯಾರಿಕೆ ಬಹಳ ಗಟ್ಟಿ, ಕಣ್ಣಿಗೂ ಚೆಂದ. ಆದರೆ ಅವರ ಎಚ್‌ಒ ಎಂಜಿನ್ನುಗಳ ಪದ್ಧತಿಯೇ ಬೇರೆ. ಎಂಜಿನ್ನನ್ನು ಮಗುಚಿ ನೋಡಿ. ಹೊಟ್ಟೆಯಡಿ ಉದ್ದಕ್ಕೆ ಒಂದು ಲೋಹದ ಪಟ್ಟಿ ಇದ್ದರೆ ಅದು ಹಳಿಗಳ ನಡುವೆ ಸಾಲಾಗಿರುವ ಗುಬುಟುಗಳಿಂದ ಕರೆಂಟ್ ತಗೊಳ್ಳುವಂಥದ್ದು. ಉಳಿದ ಕಂಪನಿಗಳ ಮಾಮೂಲಿ ಎರಡು ಹಳಿಯ 12 ವೋಲ್ಟ್ ಡಿಸಿ ಲೈನಿನಲ್ಲಿ ಅದು ಓಡಲ್ಲ, ಎರಡೂ ಪಕ್ಕದ ಚಕ್ರಗಳ ನಡುವೆ ಕರೆಂಟ್ ಹರಿಯುವಂತೆ ಇರುವುದರಿಂದ ಇಟ್ಟ ಕೂಡಲೇ ಶಾರ್ಟ್ ಆಗುತ್ತದೆ. ಮಾರ್ಕ್ಲಿನ್ನೇ ಬೇಕು ಅಂದರೆ ಹಳಿ, ಕಂಟ್ರೋಲರ್ ಎಲ್ಲ ಅದರದ್ದೇ ಇರಲಿ. ಬೋಗಿಗಳ ಕೊಂಡಿಗಳನ್ನೂ ಒಂದಕ್ಕೊಂದು ಹಾಕಿ ನೋಡಿಯೇ ತಗೊಳ್ಳಿ. ಅಮೆರಿಕದ ಗಾಡಿಯ ಕೊಂಡಿ, ಬ್ರಿಟನ್ನಿನ ಗಾಡಿಯ ಕೊಂಡಿ ಸಾಮಾನ್ಯವಾಗಿ ಹೊಂದುವುದಿಲ್ಲ.

ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಡಬ್ಬಗಳೂ ಇರಬಹುದು. ಒಳಗಿನ ಗ್ರೀಸ್ ಒಣಗಿ ಅಂಟಾಗಿದ್ದರೆ ಎಂಜಿನ್ ತಡವರಿಸುತ್ತದೆ. ಅಲ್ಲೇ ಓಡಿಸಿ ತೋರಿಸಲು ಕೇಳಿ. ಜೋರಾಗಿ ಓಡಿಸಿದರೆ ಏನೂ ಗೊತ್ತಾಗಲ್ಲ, ಸ್ಟೇಷನ್ ಹತ್ತಿರ ಬಂದಾಗಿನಂತೆ ತೆವಳಿಸಿ ನೋಡಬೇಕು. ಹೀಗೆ ಮುಟ್ಟಿ, ಮಗುಚಿ, ಓಡಿಸಿ ನೋಡುವ ಅವಕಾಶ ಆನ್‌ಲೈನಿನಲ್ಲಿ ಎಲ್ಲಿದೆ ಹೇಳಿ? ಅಲ್ಲಿ ನೋಡಿ ಬಂದು ಮನೆಯಲ್ಲಿ ಕೂತು ಬೇರೆ ಕಡೆ ಆರ್ಡರ್ ಮಾಡೋದು ದಯವಿಟ್ಟು ಬೇಡ. ಹಳಿ ಜೋಡಿಸುವ ಕ್ಲಿಪ್ಪಿನಿಂದ ಹಿಡಿದು ವೈರಿನವರೆಗೆ ಅವರ ಹತ್ತಿರವೇ ಕೊಳ್ಳಿ. ಅಂಥ ಊರಲ್ಲಿ ಅಂಥ ಅಂಗಡಿ ನಡೆಸೋದು ಸುಮ್ನೆ ಮಾತಲ್ಲ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತೆ. ಪುಟ್ಟ ರೈಲಿನ ಹಳಿ ತುಕ್ಕು ಹಿಡಿಯಲ್ವಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಉಕ್ಕಿನ ಹಳಿ ಖಂಡಿತ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯದು ಕಪ್ಪಾಗಿ ಕರೆಂಟ್ ತಡೆಯುತ್ತದೆ. ‘ನಿಕಲ್ ಸಿಲ್ವರ್’ ಹಳಿ ಕೇಳಿ ತಗೊಳ್ಳಿ. ಹೆಸರಲ್ಲಿ ಸಿಲ್ವರ್ ಇದ್ದರೂ ಅದರಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕಲ್, ಸತು ಸೇರಿದ ಲೋಹ. ಅದೂ ಮಾಸುತ್ತದೆ, ಆದರೆ ಹಿತ್ತಾಳೆಗಿಂತ ನಿಧಾನ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಬಟ್ಟೆಯಲ್ಲಿ ಒರೆಸಿ. ಮರಳು ಕಾಗದ ಬೇಡವೇ ಬೇಡ, ಅದು ಮಾಡುವ ಗೀರುಗಳಲ್ಲಿ ಕೊಳೆ ಇನ್ನೂ ಜಾಸ್ತಿ ಕೂರುತ್ತದೆ. ಹಲಗೆಗೆ ಎರಡೂ ಮೈ, ಅಂಚು ಬಿಡದೆ ವಾರ್ನಿಷ್ ಹೊಡೆಯಿರಿ, ಇಲ್ಲದಿದ್ದರೆ ಆಷಾಢದಲ್ಲಿ ಸೊಟ್ಟಗಾಗುತ್ತದೆ. ಎಂಜಿನ್ನುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿಡಿ.

ಪ್ರಶ್ನೆ: ತರೀಕೆರೆಯಿಂದ ನಮ್ಮೂರಿಗೆ ಬರ್ತಿದ್ದ ಸಣ್ಣ ರೈಲನ್ನು ಮಾಡೋಕಾಗುತ್ತಾ?
– ಓದುಗರು, ನರಸಿಂಹರಾಜಪುರ

ಉತ್ತರ: ಆಗುತ್ತೆ, ದಯವಿಟ್ಟು ಮಾಡಿ. ಅದು ಎರಡಡಿ ಅಗಲದ ನ್ಯಾರೋಗೇಜ್, ಅಂದರೆ 610 ಮಿಲಿಮೀಟರ್. ಒಒ ಅಳತೆಯಲ್ಲಿ ಅದು 8 ಮಿಲಿಮೀಟರ್ ಆಗುತ್ತದೆ. ಹಾಗಾಗಿ ಎನ್ ಅಳತೆಗೆ ಸಿಗುವ 9 ಮಿಲಿಮೀಟರ್ ಹಳಿಯನ್ನೇ ಬಳಸಬಹುದು, ಒಂದು ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಬೀಳಲ್ಲ. ಇದನ್ನು ಒಒ9 ಅಂತಾರೆ, ಬ್ರಿಟನ್ನಿನ ಸಣ್ಣ ಗೇಜಿನ ಎಂಜಿನ್ನುಗಳು ಆ ಅಳತೆಯಲ್ಲಿ ಸಿಗುತ್ತವೆ. ತಾಳಗುಪ್ಪದ ಬ್ರಾಡ್‌ಗೇಜ್ ಮಾಡುವವರೂ ಸ್ವಲ್ಪ ಹೊಂದಿಸಿಕೊಳ್ಳಲೇಬೇಕು: 1676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 19 ದಾಟುತ್ತದೆ, ಅಂಗಡಿಯ ಹಳಿ 16.5.

ಬೋಗಿಗಳನ್ನು ಮಾತ್ರ ನೀವೇ ರಟ್ಟಿನಲ್ಲಿ ಮಾಡಿಕೊಳ್ಳಬೇಕು. ಅದಕ್ಕೆ ಮುಂಚೆ ಆ ರೈಲಲ್ಲಿ ಓಡಾಡಿದ ಊರಿನ ಹಿರಿಯರನ್ನು ಮಾತಾಡಿಸಿ. ಕಿಟಕಿ ಎಷ್ಟಿದ್ದವು, ಬಾಗಿಲು ಎಲ್ಲಿತ್ತು, ಬಣ್ಣ ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಯಾರ ಮನೆಯಲ್ಲಾದರೂ ಹಳೇ ಫೋಟೊ ಇದ್ದರೆ ಹತ್ತಿರದಲ್ಲಿ ಒಬ್ಬ ಮನುಷ್ಯ ನಿಂತಿರುವಂಥದ್ದನ್ನೇ ಹುಡುಕಿ, ಆ ಆಳೆತ್ತರ ಇಟ್ಟುಕೊಂಡು ಬೋಗಿಯ ಅಳತೆ ಲೆಕ್ಕ ಹಾಕಬಹುದು.