ಮಲ್ಲಿ ಯಾರ ಗಾಡಿ ಹತ್ತಬೇಕು?

ಶರಣು.

ನಿಮ್ಮ ಕಥೆ ಓದಿದೆವು. ಅವ್ವ ತೀರಿಕೊಂಡು, ಅಪ್ಪ ದುಡಿಯಲು ಮುಂಬೈಗೆ ಹೋಗಿ, ಕಲಬುರಗಿ ಜಿಲ್ಲೆಯ ಚಿತ್ತಾಪುರ ಕಡೆಯ ಹಳ್ಳಿಯಲ್ಲಿ ಕಾಕಾನ ಮನೆಯಲ್ಲಿ ಉಳಿದ ಒಂಬತ್ತು ವರ್ಷದ ಮಲ್ಲಿ. ಕೊನೆಗೆ ಶಾಲೆಯ ಮಾಸ್ತರು ಆಕೆಯನ್ನು ದತ್ತು ತಗೊಳ್ಳುತ್ತಾರೆ. ಈಗಿನ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಆರನೇ ಪುಟದಲ್ಲಿ ಆಕೆ ಅರ್ಧ ರೊಟ್ಟಿಯನ್ನು ಪರಕಾರದ (ಲಂಗದ) ಮಡಿಕೆಯಲ್ಲಿ ಕಟ್ಟಿಕೊಂಡು ಮಲಗುವ ಸಾಲೊಂದಿದೆ. ಆ ಸಾಲಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇವೆ.

14 ಪುಟಗಳಲ್ಲಿ 9 ಪುಟ ಕಾಕಿಯ ಹೊಡೆತಕ್ಕೇ ಹೋಗಿವೆ. ಹೊಡೆಯುವವರಿಗೆ ಮಗು ಕಣ್ಣಿಗಾದರೂ ಬಿದ್ದಿರುತ್ತದೆ. ನಿರ್ಲಕ್ಷ್ಯ ಬೇರೆ. ಹೆಣೆಯುವವರಿಲ್ಲದೆ ಕೂದಲು ಜಿಡ್ಡುಗಟ್ಟುವುದು, ಜ್ವರ ಬಂದದ್ದು ಮೂರನೇ ದಿನ ಗೊತ್ತಾಗುವುದು, ರೊಟ್ಟಿ ಬಡಿಯುವಾಗ ಆಕೆಯದು ಎಣಿಕೆಯಲ್ಲೇ ಇಲ್ಲದಿರುವುದು. ಕಾಕಿಯನ್ನು ರಾಕ್ಷಸಿ ಮಾಡಬೇಡಿ. ತೊಗರಿ ರಾಶಿಯ ದಿನಗಳಲ್ಲಿ, ತನ್ನ ಮೂವರು ಮಕ್ಕಳ ನಡುವೆ ನಾಲ್ಕನೆಯದನ್ನು ಮರೆತ ದಣಿದ ಹೆಂಗಸು ಆಕೆ. ಬೈಯಲು ಯಾರೂ ಸಿಗದಿದ್ದರೆ ಓದುಗರು ಮಲ್ಲಿಯ ಮಗ್ಗುಲಲ್ಲೇ ಕೂತಿರಬೇಕಾಗುತ್ತದೆ.

‘ನನಗೆ ಪ್ರೀತಿ ಬೇಕು’ ಎಂದು ಮಲ್ಲಿ ಮೂರು ಕಡೆ ಹೇಳುತ್ತಾಳೆ. ಆ ವಯಸ್ಸಿನ ಮಗು ಹಾಗೆ ಹೇಳುವುದಿಲ್ಲ. ಕೆಲಸ ಮಾಡಿ ಜಾಗ ಗಳಿಸಲು ನೋಡುತ್ತದೆ. ಹೇಳದೇ ನೀರು ತರುತ್ತದೆ. ಪಕ್ಕದ ಮನೆಯ ಖಾಲಾನ ಕೂಸನ್ನು ಎತ್ತಿ ಆಡಿಸುತ್ತದೆ. ಊಟದ ಹೊತ್ತಿಗೆ ಅಲ್ಲೇ ಸುಳಿದಾಡಿ, ‘ಉಣ್ಣು ಬಾ’ ಎಂದರೆ ‘ಉಂಡೀನಿ’ ಅನ್ನುತ್ತದೆ. ಯಾರಾದರೂ ನಿಜವಾಗಿ ಅಕ್ಕರೆ ತೋರಿದರೆ ಪರೀಕ್ಷೆಗೂ ಇಳಿಯುತ್ತದೆ: ಖಾಲಾನ ಬಸಿ ಒಡೆದು, ಅಟ್ಟುತ್ತಾಳೋ ಇಟ್ಟುಕೊಳ್ಳುತ್ತಾಳೋ ನೋಡುತ್ತದೆ. ನಿಮ್ಮ ಖಾಲಾ ಎರಡೇ ಸಾಲಿಗೆ ಬಂದು ಹೋಗುತ್ತಾಳೆ. ಕಥೆ ಇರುವುದು ಆಕೆಯ ಅಂಗಳದಲ್ಲಿ.

ಎರಡು ವರ್ಷದ ಮೇಲೆ ಅಪ್ಪ ಬಂದಾಗ ಮಲ್ಲಿ ಓಡಿಹೋಗಿ ತಬ್ಬಿಕೊಳ್ಳುವುದನ್ನೂ ನಂಬಲಾಗಲಿಲ್ಲ. ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ವರ್ಷದ ಕೂಸುಗಳನ್ನು ಕೆಲವು ನಿಮಿಷ ತಾಯಿಯಿಂದ ಅಗಲಿಸಿ ನೋಡಿದ್ದರು. ಕೆಲವು ಕೂಸುಗಳು ತಾಯಿ ಮರಳಿದಾಗ ಮುಖ ತಿರುಗಿಸಿ ಆಟಿಗೆ ಹಿಡಿದೇ ಕೂತವು. ಅಂಥ ಕೂಸುಗಳ ಎದೆಬಡಿತವನ್ನು ಮುಂದೆ ಅಳೆದವರಿಗೆ ಅದು ಏರಿದ್ದು ಕಂಡಿತು. ಮಲ್ಲಿ ದೊಡ್ಡವಳು, ಆದರೂ ಆಕೆ ಮುಸುರೆ ಬಿಟ್ಟು ಏಳದಿರಲಿ. ತಿಕ್ಕಿದ ಚರಿಗೆಯನ್ನೇ ಮತ್ತೆ ತಿಕ್ಕಲಿ.

ನಮ್ಮ ಸೀಮೆಯಲ್ಲಿದ್ದೂ ಎಳ್ಳ ಅಮಾವಾಸ್ಯೆಯನ್ನು ಹೇಗೆ ಬಿಟ್ಟಿರಿ? ಸಜ್ಜಿ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವ ದಿನ. ಹಾದಿಯಲ್ಲಿ ಹೋಗುವವರನ್ನೂ ಉಣ್ಣಲು ಕರೆಯುತ್ತಾರೆ. ಮಲ್ಲಿ ಯಾರ ಗಾಡಿ ಹತ್ತಬೇಕು? ಕಾಕಾನ ಗಾಡಿ ಹೊಲ ಮುಟ್ಟಿ, ಬುತ್ತಿ ಬಿಚ್ಚಿದರೂ ಆಕೆ ಇಲ್ಲವೆಂದು ಯಾರಿಗೂ ತಿಳಿಯದಿದ್ದರೆ, ಒಂಬತ್ತು ಪುಟದ ಹೊಡೆತ ಬೇಕಾಗುವುದಿಲ್ಲ.

ಕೊನೆ ಪೂರ್ತಿ ಬದಲಾಗಬೇಕು. ನಿಮ್ಮ ಮಾಸ್ತರು ಮದುವೆಯಾಗದವರು. ಬಾಲ ನ್ಯಾಯ ಕಾಯ್ದೆಯ ದತ್ತು ನಿಯಮಗಳಂತೆ ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ದತ್ತು ಕೊಡುವುದಿಲ್ಲ. ಅಪ್ಪ ಬದುಕಿದ್ದಾನೆ, ಬಿಟ್ಟುಕೊಡುವುದಾದರೆ ಆತನೇ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬೇಕು, ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು 60 ದಿನ ಇವೆ. ದತ್ತು ಆದೇಶ ಹೊರಡಿಸುವುದು 2021ರ ತಿದ್ದುಪಡಿಯ ನಂತರ ಜಿಲ್ಲಾ ದಂಡಾಧಿಕಾರಿ. ಸಂಜೆ ಕೈಹಿಡಿದು ಮನೆಗೆ ಕರೆದೊಯ್ದರೆ ಅದು ದತ್ತು ಅಲ್ಲ. ಕಾನೂನಿನ ತಪ್ಪಿಗಿಂತ ದೊಡ್ಡದು ಇನ್ನೊಂದಿದೆ: ಕಥೆಯುದ್ದಕ್ಕೂ ಅಕ್ಕರೆ ಹುಡುಕಿದವಳು ಮಲ್ಲಿ, ಕೊನೆಯಲ್ಲಿ ಆರಿಸಿಕೊಂಡವರು ಮಾತ್ರ ಮಾಸ್ತರು. ಆರಿಸುವ ಗಳಿಗೆ ಆಕೆಯದಾಗಲಿ. ಸಿಕ್ಕದ್ದು ಇಡೀ ಸಂಸಾರವೇ ಆಗಬೇಕಿಲ್ಲ. ‘ನಾಳೆನೂ ಬಾ’ ಎನ್ನುವ ಒಂದು ಹೊಸ್ತಿಲಾದರೂ ಸಾಕು.

ಭಾಷೆಯ ಬಗ್ಗೆ ಹೆಚ್ಚಿಲ್ಲ. ಮಲ್ಲಿಯ ಬಾಯಲ್ಲಿ ಅಜ್ಜ-ಅಜ್ಜಿ ಬೇಡ, ಮುತ್ಯಾ ಮತ್ತು ಆಯಿ ಇರಲಿ. ‘ಕಣ್ಣೀರು’ ಪ್ರತಿ ಪುಟದಲ್ಲೂ ಇದೆ. ಒಂದು ಕಡೆ ಉಳಿಸಿ, ಅದೂ ಖಾಲಾನದಾಗಿರಲಿ.

ತಿದ್ದಿದ ಪ್ರತಿ ಎಂಟು ಪುಟ ಮೀರದೆ ಕಳಿಸಿ. ಪರಕಾರದಲ್ಲಿ ಕಟ್ಟಿಟ್ಟ ರೊಟ್ಟಿ ಬೆಳಿಗ್ಗೆ ಏನಾಯಿತೆಂದು ನೀವು ಬರೆದಿಲ್ಲ. ಇರುವೆ ಮುತ್ತಿತ್ತೋ, ಯಾರಾದರೂ ನೋಡಿದರೋ, ಮಲ್ಲಿ ಅದನ್ನು ಇನ್ನೊಂದು ಮಗುವಿಗೆ ಕೊಟ್ಟಳೋ, ಅಲ್ಲಿಂದ ಶುರು ಮಾಡಿ.