ಆಂಟಿಲೋಪ್ ಕಣಿವೆಗೆ ಹೆತ್ತವರೊಂದಿಗೆ

ಮಾನ್ಯರೇ, ಬದಿಯಡ್ಕದಿಂದ ಬರಲಿರುವ ತಂದೆತಾಯಿಯವರನ್ನು ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಿಂದ ಕಾರಿನಲ್ಲಿ ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಆಂಟಿಲೋಪ್ ಎಂಬ ಕಿರಿದಾದ ಕಲ್ಲಿನ ಕಣಿವೆಗೆ ಕರೆದೊಯ್ಯಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕರೆದೊಯ್ಯಿರಿ. ಆದರೆ ಅಲ್ಲಿ ಮೇಲ್ಕಣಿವೆ, ಕೆಳಕಣಿವೆ ಎಂಬ ಎರಡು ಭಾಗಗಳಿವೆ; ತಾಯಿಯವರಿಗೆ ಮೊಣಕಾಲು ನೋವಿರುವುದರಿಂದ, ಕಡಿದಾದ ಏಣಿಗಳಿರುವ ಕೆಳಕಣಿವೆಯನ್ನು ಬಿಟ್ಟು, ಒಳಗೆ ನೆಲಮಟ್ಟದಲ್ಲೇ ನಡೆದು ನೋಡಬಹುದಾದ ಮೇಲ್ಕಣಿವೆಗೆ ಮುಂಗಡ ಟಿಕೆಟ್ ಮಾಡಿಸುವುದು ಲೇಸು. ಅಲ್ಲಿಯೂ ಹಿಂದಿರುಗುವ ದಾರಿಯಲ್ಲಿ ಲೋಹದ ಮೆಟ್ಟಿಲುಗಳಿವೆ. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ನೆಲವಾದ್ದರಿಂದ ಮಾರ್ಗದರ್ಶಕರಿಲ್ಲದೆ ಪ್ರವೇಶವಿಲ್ಲ.

ನಮ್ಮ ಆಟಿಯ ಮಳೆ ಕಣ್ಣೆದುರೇ ಸುರಿಯುತ್ತದೆ, ಅಲ್ಲಿ ಹಾಗಲ್ಲ. ಮೈಲುಗಳಾಚೆ ಬಿದ್ದ ಮಳೆಯ ನೀರು 1997ರ ಆಗಸ್ಟ್ 12ರಂದು ಕೆಳಕಣಿವೆಗೆ ನುಗ್ಗಿ 11 ಪ್ರವಾಸಿಗರನ್ನು ಬಲಿ ತೆಗೆದುಕೊಂಡಿತು. ಆದ್ದರಿಂದ ಭೇಟಿ ರದ್ದಾದರೆ ವಾದಕ್ಕಿಳಿಯದೆ, ಕಣಿವೆಯ ಬಳಿಯ ಪೇಜ್ ಪಟ್ಟಣದಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ದಾರಿ ಯೂಟಾ ರಾಜ್ಯದ ಮೂಲಕ ಹಾಯುವುದರಿಂದ ಮೊಬೈಲಿನ ಗಡಿಯಾರ ಒಂದು ಗಂಟೆ ಮುಂದೆ ತೋರಿಸೀತು. ಟಿಕೆಟಿನಲ್ಲಿರುವುದು ಅರಿಜೋನಾ ಸಮಯ.