ದಾಖಲೆಯಲ್ಲಿ 24 ಮಕ್ಕಳು, ಊಟಕ್ಕೆ 18: ಅಂಗನವಾಡಿ ಆಹಾರ ಸೋರೋದನ್ನ ಹೇಗೆ ತಡೆಯೋದು?

ಮಂಡ್ಯ ತಾಲ್ಲೂಕಿನ ನಿಮ್ಮೂರ ಅಂಗನವಾಡಿಯ ಬಾಲವಿಕಾಸ ಸಮಿತಿಗೆ (ಕೇಂದ್ರದ ಕೆಲಸದ ಮೇಲೆ ಕಣ್ಣಿಡೋ ಊರವರ ಸಮಿತಿ) ಹೊಸದಾಗಿ ಸೇರಿದ್ದೀರಿ. ಪುಸ್ತಕದಲ್ಲಿ 24 ಮಕ್ಕಳಿದ್ದಾರೆ, ಕಣ್ಣಿಗೆ ಕಾಣೋದು 18. ಏನು ಮಾಡಬೇಕು ಅಂತ ಕೇಳಿದ್ದೀರಿ.

ದಾಖಲಾತಿ ಬೇರೆ, ಹಾಜರಾತಿ ಬೇರೆ. 24 ಹೆಸರಿದ್ದು 18 ಮಕ್ಕಳು ಬಂದರೆ ಅದು ಮೋಸವಲ್ಲ. 18 ಮಕ್ಕಳು ಉಂಡು 24ಕ್ಕೆ ಖರ್ಚು ಬರೆದರೆ ಮೋಸ. ಹೆಚ್ಚಾಗಿ ಆ ಆರು ಹೆಸರು ಜೂನ್‌ನಲ್ಲಿ ಕಾನ್ವೆಂಟಿನ ಎಲ್‌ಕೆಜಿಗೆ ಸೇರಿದ ಮಕ್ಕಳದ್ದು, ಇಲ್ಲವೇ ಕಬ್ಬು ಕಡಿಯೋಕೆ ಬಂದು ವಾಪಸ್ ಹೋದ ಕುಟುಂಬಗಳದ್ದು. ಮಕ್ಕಳು ಕಡಿಮೆಯಾದರೆ ಕೇಂದ್ರವನ್ನೇ ಬೇರೆ ಕಡೆ ಸೇರಿಸಿಬಿಡ್ತಾರೆ ಅನ್ನೋ ಭಯಕ್ಕೆ ಟೀಚರ್ ಹೆಸರು ತೆಗೆಯಲ್ಲ. ಜೂನ್, ಜುಲೈನಲ್ಲಿ ಸಮಿತಿಯವರು ಮನೆಮನೆಗೆ ಹೋಗಿ ಪಟ್ಟಿ ತಾಳೆ ನೋಡಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತೆ.

ಆಮೇಲೆ ವಾರಕ್ಕೊಮ್ಮೆ, ಮುಂಚೆ ಹೇಳದೆ, ಊಟದ ಹೊತ್ತಿಗೆ ಹೋಗಿ ತಲೆ ಎಣಿಸಿ. ಅದೇ ದಿನದ ಹಾಜರಾತಿ ಪುಸ್ತಕ, ದಾಸ್ತಾನು ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಲೆಕ್ಕ ಹಾಕೋಣ: ತಲೆಗೆ 60 ಗ್ರಾಂ ಅಕ್ಕಿ ಅಂತಿದ್ದರೆ 18 ಮಕ್ಕಳಿಗೆ 1 ಕೆ.ಜಿ. 80 ಗ್ರಾಂ, 24ಕ್ಕೆ 1 ಕೆ.ಜಿ. 440 ಗ್ರಾಂ. ದಿನಕ್ಕೆ 360 ಗ್ರಾಂ ಏನು ಮಹಾ ಅನ್ಸುತ್ತೆ, 25 ದಿನಕ್ಕೆ 9 ಕೆ.ಜಿ. ಆಗುತ್ತೆ. ನಿಮ್ಮ ಕೇಂದ್ರದ ನಿಜವಾದ ಪ್ರಮಾಣ ಗೋಡೆಯ ಮೇಲಿನ ಚಾರ್ಟ್‌ನಲ್ಲಿರಬೇಕು, ಇಲ್ಲದಿದ್ದರೆ ಮೊದಲು ಅದನ್ನ ಹಾಕಿಸಿ. ಹಾಲಿನ ಪುಡಿಯ ಪ್ಯಾಕೆಟ್ ತೆರೆದ ದಿನಾಂಕ ಅದರ ಮೇಲೇ ಬರೆಸಿ, ಖಾಲಿ ಕವರ್ ತಿಂಗಳ ಕೊನೆವರೆಗೂ ಎಸೆಯಬೇಡಿ ಅನ್ನಿ. ಕವರ್ ಎಣಿಸಿದರೆ ಪುಸ್ತಕದ ಸುಳ್ಳು ಗೊತ್ತಾಗುತ್ತೆ. ಮೊಟ್ಟೆಯಂತೂ ಎಣಿಸೋ ಪದಾರ್ಥವೇ. ಟ್ರೇಗೆ 30, ಬಿಲ್ಲಿನ ಜೊತೆ ತಾಳೆ ನೋಡಿ.

ತೂಕದ ದಾಖಲೆಯನ್ನೂ ಬಿಡಬೇಡಿ. ಬಾರದ ಮಗುವಿಗೆ ತಿಂಗಳು ತಿಂಗಳೂ ತೂಕ ಬರೆಯಲೇಬೇಕಲ್ಲ, ಅದು ಅಳತೆಪಟ್ಟಿ ಹಿಡಿದಂಗೆ ನೂರು ನೂರು ಗ್ರಾಂ ಏರ್ತಾ ಹೋಗುತ್ತೆ. ನಿಜವಾದ ಮಗುವಿನ ತೂಕ ಜ್ವರ ಬಂದರೆ ಇಳಿಯುತ್ತೆ.

ಇನ್ನು ಎಲ್ಲರೂ ಮರೆಯೋ ಜಾಗ, ಸಾಮಾನು ಇಳಿಸೋ ಹೊತ್ತು. ಗಾಡಿಯವರು "ಸೈನ್ ಹಾಕಿ ಟೀಚರ್, ಇನ್ನೂ ಹತ್ತು ಸೆಂಟರ್ ಇದೆ" ಅಂತ ಅವಸರ ಮಾಡ್ತಾರೆ. 50 ಕೆ.ಜಿ. ಮೂಟೆಯಲ್ಲಿ 47 ಇದ್ದರೂ ಸಹಿ 50ಕ್ಕೆ ಬೀಳುತ್ತೆ. ಕೊರತೆಯಾದ 3 ಕೆ.ಜಿ.ಯನ್ನ ಸರಿದೂಗಿಸೋಕೆ ಟೀಚರ್ ಬಾರದ ಮಕ್ಕಳಿಗೂ ಹಾಜರಿ ಹಾಕ್ತಾರೆ. ಮಾಡದ ತಪ್ಪನ್ನ ತಮ್ಮ ಕೈಯಾರೆ ಬರೆದುಕೊಂಡಂಗೆ ಅದು. ಹಾಗಾಗಿ ಟೀಚರ್ ಮೇಲೆ ಕೂಗಾಡೋ ಮುಂಚೆ ಒಂದು ನೇತಾಡೋ ತಕ್ಕಡಿ ತನ್ನಿ. ಇಳಿಸುವಾಗ ಸಮಿತಿಯ ಒಬ್ಬರು ನಿಂತು ಪ್ರತಿ ಮೂಟೆ ತೂಗಿಸಿ, ರಶೀದಿಯ ಎರಡೂ ಪ್ರತಿಯಲ್ಲಿ "ಬಂದದ್ದು 47 ಕೆ.ಜಿ." ಅಂತ ಬರೆಸಿ ಆಮೇಲೆ ಸಹಿ ಹಾಕಿಸಿ. ಬ್ಯಾಚ್ ನಂಬರ್, ತಯಾರಾದ ದಿನಾಂಕದ ಫೋಟೋ ತೆಗೆದಿಡಿ.

ಅಂಗನವಾಡಿ ಲೆಕ್ಕ ಇಡೋ ಸರ್ಕಾರಿ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಮುಖ ಗುರುತು ಬಂದಿದೆಯಲ್ಲ ಅಂತೀರೇನೋ. ಅದು ಗರ್ಭಿಣಿ, ಬಾಣಂತಿ, 3 ವರ್ಷದೊಳಗಿನ ಮಕ್ಕಳಿಗೆ ಅಂತ ಮನೆಗೆ ಕೊಂಡೊಯ್ಯೋ ಆಹಾರಕ್ಕೆ ಮಾತ್ರ. 3ರಿಂದ 6 ವರ್ಷದ ಮಕ್ಕಳ ಬಿಸಿಯೂಟಕ್ಕೆ ತಲೆ ಎಣಿಸೋದೇ ಗತಿ. ತಾಯಂದಿರಿಗೆ ಒಂದು ಮಾತು ಹೇಳಿ: ನೋಂದಣಿಯಲ್ಲಿ ನಿಮ್ಮದೇ ಮೊಬೈಲ್ ನಂಬರ್ ಇರಲಿ, ಪೊಟ್ಟಣ ಕೈಗೆ ಬರದೆ ಒಟಿಪಿ ಹೇಳಬೇಡಿ. ಮುಖ ಹೊಂದಲಿಲ್ಲ ಅಂತ ಬಾಣಂತಿಯನ್ನ ಬರಿಗೈಲಿ ಕಳಿಸಿದರೆ ಅದೂ ಅನ್ಯಾಯವೇ, ತಕ್ಷಣ ಮೇಲ್ವಿಚಾರಕಿಗೆ ತಿಳಿಸಿ.

ವ್ಯತ್ಯಾಸ ಎರಡು ಮೂರು ವಾರ ಮುಂದುವರಿದರೆ ಸಮಿತಿ ನಡಾವಳಿಯಲ್ಲಿ ಅಂಕಿ ಸಮೇತ ಬರೆದು ಮೇಲ್ವಿಚಾರಕಿಗೆ, ಆಮೇಲೆ ಸಿಡಿಪಿಒಗೆ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕೊಟ್ಟು ಸ್ವೀಕೃತಿ ತಗೊಳ್ಳಿ. ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. "ಯಾಕೆ ಹೀಗಾಯ್ತು" ಅಂತ ಕೇಳಿದರೆ ಏನೂ ಸಿಗಲ್ಲ. ಇಂಥ ತಿಂಗಳ ದಾಸ್ತಾನು ಪುಸ್ತಕ, ಹಾಜರಾತಿ, ಸರಬರಾಜು ರಶೀದಿ ಈ ಮೂರರ ಪ್ರತಿ ಅಂತ ಹೆಸರು ಹಿಡಿದು ಕೇಳಿ.